ಹೆಲ್ಮೆಟ್ ಇಲ್ಲದೆ ಬಾಹ್ಯಾಕಾಶಕ್ಕೆ ಹಾರಿದರೆ ಮೈ ಸಿಡಿಯುತ್ತದೆಯೇ?

ಪ್ರಶ್ನೆ: ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾ ಮತ್ತೊಮ್ಮೆ ನೋಡಿದೆ. ಗಗನಯಾತ್ರಿ ಡೇವ್ ಬೋಮನ್ ಹೆಲ್ಮೆಟ್ ಇಲ್ಲದೆ ಪಾಡ್‌ನಿಂದ (ಪುಟ್ಟ ವಾಹನದಿಂದ) ನೌಕೆಯೊಳಗೆ ಹಾರುತ್ತಾನಲ್ಲ, ಅವನ ಮೈ ಸಿಡಿದು ಹೋಗಬೇಕಿತ್ತಲ್ಲವೇ?

ಉತ್ತರ: ಇಲ್ಲ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಈ ಸಲ ಲೆಕ್ಕ ಸಮೇತ ಹೇಳಿಬಿಡುತ್ತೇನೆ, ದಯವಿಟ್ಟು ಮುಂದಿನವರಿಗೆ ನೀವೇ ದಾಟಿಸಿ.

ನಮ್ಮ ಮೇಲಿರುವ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆ.ಜಿ. ಅದು ಪೂರ್ತಿ ಇಲ್ಲವಾದರೂ ಒಳಗಿಗೂ ಹೊರಗಿಗೂ ಬರುವ ವ್ಯತ್ಯಾಸ ಅಷ್ಟೇ. ಲಾರಿ ಟೈರಿನಲ್ಲಿ ಅದರ ಏಳೆಂಟು ಪಟ್ಟು ಇರುತ್ತದೆ. ಮನುಷ್ಯನ ಚರ್ಮ ಇಷ್ಟಕ್ಕೆಲ್ಲ ಹರಿಯುವಂಥದ್ದಲ್ಲ. ‘ಸರಿ, ರಕ್ತ ಕುದಿಯುವುದಿಲ್ಲವೇ?’ ಎಂದು ಮರುಪ್ರಶ್ನೆ ಬರುತ್ತದೆ, ಪ್ರತಿ ಸಲವೂ. ಒತ್ತಡ 47 ಮಿ.ಮೀ. ಪಾದರಸಕ್ಕಿಂತ ಕೆಳಗಿಳಿದರೆ 37 ಡಿಗ್ರಿಯ ನೀರು ಕುದಿಯುತ್ತದೆ, ನಿಜ. ಹಾಗಾಗಿ ಎಂಜಲು, ಕಣ್ಣೀರು ಕುದಿಯುತ್ತವೆ. ಚರ್ಮದಡಿಯ ನೀರು ಆವಿಯಾಗಿ ಮೈ ಊದಿಕೊಳ್ಳುತ್ತದೆ. ರಕ್ತನಾಳಗಳೊಳಗೆ ಮಾತ್ರ ಅವುಗಳದೇ ಒತ್ತಡ ಇರುವುದರಿಂದ ರಕ್ತ ಹಾಗೆ ಕೊತಕೊತ ಕುದಿಯುವುದಿಲ್ಲ. ಕ್ಷಣದಲ್ಲಿ ಮೈ ಮಂಜುಗಡ್ಡೆಯಾಗುವುದೂ ಸುಳ್ಳು: ಶಾಖ ಹೊತ್ತೊಯ್ಯಲು ಸುತ್ತ ಏನೂ ಇಲ್ಲ. 1990ರ ‘ಟೋಟಲ್ ರಿಕಾಲ್’ನಲ್ಲಿ ಕಣ್ಣುಗುಡ್ಡೆ ಹೊರಬಂದದ್ದನ್ನು ನೋಡಿದವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಇದೆಲ್ಲ ಬರೀ ಲೆಕ್ಕವಲ್ಲ. 1966ರಲ್ಲಿ ಹ್ಯೂಸ್ಟನ್ನಿನ ನಾಸಾ ಕೇಂದ್ರದ ನಿರ್ವಾತ ಕೋಣೆಯಲ್ಲಿ ಜಿಮ್ ಲೆಬ್ಲಾಂಕ್ ಎಂಬ ತಂತ್ರಜ್ಞರ ಸೂಟಿಗೆ ಗಾಳಿ ತುಂಬುವ ಪೈಪು ಕಳಚಿಕೊಂಡಿತು. ಸುಮಾರು 14 ಸೆಕೆಂಡಿನಲ್ಲಿ ಎಚ್ಚರ ತಪ್ಪಿತು. ಕೊನೆಗೆ ಅವರಿಗೆ ನೆನಪಿದ್ದದ್ದು ನಾಲಿಗೆಯ ಮೇಲೆ ಎಂಜಲು ಗುಳ್ಳೆಯೆದ್ದದ್ದು. ಬೇಗ ಗಾಳಿ ತುಂಬಿದರು, ಬದುಕಿಕೊಂಡರು.

ಆ ಹದಿನಾಲ್ಕು ಸೆಕೆಂಡು ಎಲ್ಲಿಂದ ಬಂತು? ನಿರ್ವಾತದಲ್ಲಿ ಶ್ವಾಸಕೋಶ ಉಲ್ಟಾ ಕೆಲಸ ಮಾಡುತ್ತದೆ, ರಕ್ತದಲ್ಲಿದ್ದ ಆಮ್ಲಜನಕ ಹೊರಕ್ಕೆ ಹೋಗುತ್ತದೆ. ಹಾಗೆ ಬರಿದಾದ ರಕ್ತ ಮಿದುಳಿಗೆ ತಲುಪಲು ಹತ್ತು ಸೆಕೆಂಡು ಸಾಕು. ಡೇವ್‌ಗೆ ಇದ್ದ ಸಮಯ ಅಷ್ಟೇ, ಸಿನಿಮಾದವರು ಅದನ್ನು ಸರಿಯಾಗಿಯೇ ಅಂದಾಜು ಮಾಡಿದ್ದಾರೆ. ಗಾಳಿ ನುಗ್ಗುವವರೆಗೆ ಒಂದು ಸದ್ದೂ ಇಲ್ಲ ನೋಡಿ. 1968ರ ಚಿತ್ರಕ್ಕೆ ಭೇಷ್ ಎನ್ನಲೇಬೇಕು.

ನಿಜವಾದ ತಪ್ಪು ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಹಾರುವ ಮುನ್ನ ಅವನು ಉಸಿರು ಬಿಗಿಹಿಡಿಯುತ್ತಾನೆ. ಒಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದು, ಗುಳ್ಳೆಗಳು ರಕ್ತಕ್ಕೆ ನುಗ್ಗುತ್ತವೆ. ಬಾಯಿ ತೆರೆದು ಉಸಿರು ಹೊರಗೆ ಬಿಡಬೇಕಿತ್ತು. ನೇತ್ರಾಣಿಯಲ್ಲಿ ಸ್ಕೂಬಾ ಮಾಡಿದವರಿಗೆ ಇದು ಗೊತ್ತಿರಬೇಕು: ಮೇಲೇರುವಾಗ ಉಸಿರು ಹಿಡಿಯಬಾರದು, ಕಾರಣ ಇದೇ.

ಹೇಗೂ ಮತ್ತೆ ನೋಡುತ್ತೀರಲ್ಲ, ಅದೇ ಚಿತ್ರದಲ್ಲಿ ಫ್ಲಾಯ್ಡ್ ಎಂಬ ಇನ್ನೊಂದು ಪಾತ್ರ ಸ್ಟ್ರಾದಲ್ಲಿ ಊಟ ಹೀರುವ ದೃಶ್ಯವನ್ನೂ ಗಮನಿಸಿ. ಬಾಯಿ ತೆಗೆದೊಡನೆ ಸ್ಟ್ರಾದೊಳಗಿನದು ಕೆಳಗಿಳಿಯುತ್ತದೆ. ತೂಕವೇ ಇಲ್ಲದ ಕಡೆ ಅದು ಇದ್ದಲ್ಲೇ ಇರಬೇಕು. ಡಬ್ಬಿ ಗಟ್ಟಿಯಾಗಿದ್ದು ಗಾಳಿಯಾಡದಂತೆ ಮುಚ್ಚಿದ್ದರೆ ಹೀರಿದಾಗ ಒಳಗಿನ ಒತ್ತಡ ತಗ್ಗಿ ವಾಪಸ್ ಎಳೆಯಬಹುದು, ಆ ರಿಯಾಯಿತಿ ಕೊಡೋಣ. ಈಗಿನ ಗಗನಯಾತ್ರಿಗಳ ಪಾನೀಯದ ಚೀಲ ಮೆತ್ತಗಿರುತ್ತದೆ, ಅದರ ಸ್ಟ್ರಾಗೆ ಕ್ಲಿಪ್ ಇರುತ್ತದೆ. ಕುಡಿದಾದ ಮೇಲೆ ಕ್ಲಿಪ್ ಹಾಕದಿದ್ದರೆ ಜ್ಯೂಸ್ ಕೆಳಗಿಳಿಯುವ ಬದಲು ಹೊರಗೆ ಬಂದು ಉಂಡೆಯಾಗಿ ತೇಲುತ್ತದೆ.