ಹಾಡು ಅದೇ, ದನಿಯೂ ಅವರದೇ. ಆದರೂ ಸಿಡಿಯಲ್ಲಿ ಬೇರೆ ಕೇಳುವುದೇಕೆ?

ಪ್ರಶ್ನೆ: ರೇಡಿಯೊ ಸಿಲೋನ್‌ನಲ್ಲಿ ಕೇಳಿದ ಹಳೆಯ ಇಂಗ್ಲಿಷ್ ಹಾಡುಗಳನ್ನು ಸಿಡಿಯಲ್ಲಿ ಕೂಡಿಸುತ್ತಿದ್ದೇನೆ. ಎವರ್ಲಿ ಬ್ರದರ್ಸ್ ಹಾಡಿದ 'ಬೈ ಬೈ ಲವ್' ಇರುವ ಒಂದು ಸಿಡಿ ತರಿಸಿದೆ. ದನಿ ಅವರದೇ, ಆದರೆ ಗಿಟಾರಿನ ನಡೆ ಬೇರೆ, ಹಾಡಿನ ಬಿಗಿಯೇ ಬೇರೆ. ಕವರಿನ ಮೇಲೆ 'ಒರಿಜಿನಲ್ ಆರ್ಟಿಸ್ಟ್ಸ್' ಎಂದು ದೊಡ್ಡದಾಗಿ ಬರೆದಿದೆ. ಕೊಳ್ಳುವ ಮೊದಲೇ ಇದನ್ನು ಪತ್ತೆ ಹಚ್ಚುವುದು ಹೇಗೆ?

ಉತ್ತರ: ನಿಮ್ಮ ಕಿವಿ ತಪ್ಪಿಲ್ಲ. ಕವರಿನ ಮೇಲಿನ ಮಾತೂ ಸುಳ್ಳಲ್ಲ. 'ಒರಿಜಿನಲ್ ಆರ್ಟಿಸ್ಟ್' ಅಂದರೆ ಮೂಲ ಗಾಯಕರು, ಅಷ್ಟೇ. ಮೂಲ ಧ್ವನಿಮುದ್ರಣ ಎಂದು ಅದು ಎಲ್ಲೂ ಹೇಳುವುದಿಲ್ಲ. ಕ್ಯಾಸೆಟ್ ಕಾಲದಲ್ಲಿ ಬೇರೆಯವರು ಹಾಡಿದ ಹಳೆಯ ಚಿತ್ರಗೀತೆಗಳ ಕ್ಯಾಸೆಟ್ಟನ್ನು ಮನೆಗೆ ತಂದು ಪೆಚ್ಚಾದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅಲ್ಲಿ ದನಿ ಕೇಳಿದ ಕೂಡಲೇ ಗೊತ್ತಾಗುತ್ತಿತ್ತು. ಇಲ್ಲಿ ಹಾಡಿದವರು ಅವರೇ ಆದ್ದರಿಂದ ಗುರುತಿಸುವುದು ಕಷ್ಟ.

ನಿಮ್ಮ ಹಾಡನ್ನೇ ತೆಗೆದುಕೊಳ್ಳೋಣ. 'ಬೈ ಬೈ ಲವ್' 1957ರಲ್ಲಿ ಕೇಡೆನ್ಸ್ ಕಂಪನಿಯಿಂದ 1315 ಎಂಬ ಸಂಖ್ಯೆಯ ಮೊನೊ ಸಿಂಗಲ್ ಆಗಿ, ಅಂದರೆ ಬದಿಗೊಂದೇ ಹಾಡಿನ, ಎಡಬಲ ಎರಡರಲ್ಲೂ ಒಂದೇ ಸದ್ದು ಬರುವ ಸಣ್ಣ ಗ್ರಾಮಾಫೋನ್ ಪ್ಲೇಟಾಗಿ ಬಂತು. 1960ರಲ್ಲಿ ಈ ಸಹೋದರರು ಕೇಡೆನ್ಸ್ ಬಿಟ್ಟು ವಾರ್ನರ್ ಬ್ರದರ್ಸ್ ಕಂಪನಿ ಸೇರಿದರು. ಗಾಯಕರು ಹೋದರೂ ಮೂಲ ಧ್ವನಿಮುದ್ರಣದ ಟೇಪು ಹೋಗುವುದಿಲ್ಲ, ಅದು ಕಂಪನಿಯ ಆಸ್ತಿ. ಹಳೆಯ ಹಿಟ್‌ಗಳನ್ನು ತಾನೂ ಮಾರಬೇಕೆಂದರೆ ವಾರ್ನರ್‌ಗೆ ಉಳಿದದ್ದು ಒಂದೇ ದಾರಿ: ಅವನ್ನು ಮತ್ತೆ ಹಾಡಿಸುವುದು. ಹಾಗೆ 1964ರಲ್ಲಿ 'ದಿ ವೆರಿ ಬೆಸ್ಟ್ ಆಫ್ ದಿ ಎವರ್ಲಿ ಬ್ರದರ್ಸ್' ಬಂತು. ಈ ಆಲ್ಬಮ್ಮಿನಲ್ಲಿ ಕೇಡೆನ್ಸ್ ಕಾಲದ ಹಾಡುಗಳೆಲ್ಲ ಹೊಸದಾಗಿ ಹಾಡಿದವು. ಅದರಲ್ಲೇ ಇರುವ 'ಕ್ಯಾಥೀಸ್ ಕ್ಲೌನ್' ಅಸಲಿಯೇ, ಏಕೆಂದರೆ ಅದು 1960ರಲ್ಲಿ ವಾರ್ನರ್‌ಗೇ ಮುದ್ರಿಸಿದ ಹಾಡು. ಒಂದೇ ಸಿಡಿಯಲ್ಲಿ ಎರಡು ಬಗೆಯೂ ಇರುತ್ತವೆ. ಆದ್ದರಿಂದ ಒಂದು ಹಾಡು ಕೇಳಿ ಇಡೀ ಡಿಸ್ಕಿನ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಕಂಪನಿ ಬದಲಿಸಿದ ಹಲವು ದೊಡ್ಡ ಹೆಸರುಗಳದ್ದು ಇದೇ ಕಥೆ. ಚಕ್ ಬೆರಿ ಚೆಸ್ ಕಂಪನಿ ಬಿಟ್ಟು ಮರ್ಕ್ಯುರಿ ಕಂಪನಿ ಸೇರಿದ ಮೇಲೆ 1967ರಲ್ಲಿ ತನ್ನ ಹಿಟ್‌ಗಳನ್ನು ಮತ್ತೆ ಹಾಡಿದ. ಜೆರಿ ಲೀ ಲೂಯಿಸ್ ಸನ್ ಕಂಪನಿಯ ಹಾಡುಗಳನ್ನು ಸ್ಮ್ಯಾಶ್‌ಗಾಗಿ ಹಾಡಿದ ಆಲ್ಬಮ್ 1964ರದು. ರಾಯ್ ಆರ್ಬಿಸನ್ ಮಾನ್ಯುಮೆಂಟ್ ಕಂಪನಿಯ ಕಾಲದ ಹಾಡುಗಳನ್ನು ಎಂಬತ್ತರ ದಶಕದಲ್ಲಿ ಮತ್ತೆ ಹಾಡಿದ್ದು 1987ರಲ್ಲಿ ಹೊರಬಂತು. ಅವು ಕೆಟ್ಟ ಹಾಡುಗಾರಿಕೆ ಅಲ್ಲ. ಆರ್ಬಿಸನ್‌ನದಂತೂ ಬಹಳ ಚೆನ್ನಾಗಿದೆ. ಆದರೆ ನೀವು ಹುಡುಕುತ್ತಿರುವುದು ರೇಡಿಯೊದಲ್ಲಿ ಬಂದದ್ದನ್ನು, ಅದು ಇದಲ್ಲ.

ಕೊಳ್ಳುವ ಮೊದಲು ಸಿಡಿಯ ಹಿಂಬದಿ ಓದಿ. ಪ್ರತಿ ಹಾಡಿನ ಮುಂದೆ ಮೂಲ ಕಂಪನಿ, ಸಿಂಗಲ್ ಸಂಖ್ಯೆ, ವರ್ಷ ಇದ್ದು, ಕೆಳಗೆ ಯಾರಿಂದ ಪರವಾನಗಿ ಪಡೆದದ್ದು ಎಂದು ಬರೆದಿದ್ದರೆ ಅದು ಕೆಲಸ ಬಲ್ಲವರು ಮಾಡಿದ ಸಂಕಲನ. ಲಂಡನ್ನಿನ ಏಸ್, ಜರ್ಮನಿಯ ಬೇರ್ ಫ್ಯಾಮಿಲಿ, ಅಮೆರಿಕದ ಎರಿಕ್ ಮತ್ತು ರೈನೋ ಇಂಥ ವಿವರಕ್ಕೆ ಹೆಸರಾದ ಕಂಪನಿಗಳು. ಎರಿಕ್‌ನ 'ಹಾರ್ಡ್ ಟು ಫೈಂಡ್ 45ಸ್ ಆನ್ ಸಿಡಿ' ('45' ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಿಂಗಲ್) ಸರಣಿ ಹುಟ್ಟಿದ್ದೇ ಬೇರೆ ಸಿಡಿಗಳಲ್ಲಿ ಸುಲಭವಾಗಿ ಸಿಗದ ಸಿಂಗಲ್‌ಗಳಿಗಾಗಿ. ಇದಕ್ಕೆ ಬದಲಾಗಿ ಹಿಂಬದಿಯಲ್ಲಿ ಬರೀ ಹಾಡುಗಳ ಪಟ್ಟಿ ಇದ್ದು, ಮೂಲೆಯಲ್ಲಿ ಇರುವೆಯಂಥ ಅಕ್ಷರದಲ್ಲಿ 'ರೀ-ರೆಕಾರ್ಡೆಡ್' ಎಂದೋ, 'ಮೂಲ ತಂಡದ ಒಬ್ಬರು ಅಥವಾ ಹೆಚ್ಚು ಸದಸ್ಯರು ಹಾಡಿದ್ದು' ಎಂಬರ್ಥದ ಸಾಲೋ ಇದ್ದರೆ ಕೆಳಗಿಡಿ. ಆನ್‌ಲೈನಿನಲ್ಲಿ ಕೊಳ್ಳುವವರು ಹಿಂಬದಿಯ ಫೋಟೊ ಕೇಳದೆ ದುಡ್ಡು ಕಳಿಸಬಾರದು.

ಕೆಲವು ಸಿಡಿಗಳ ಮೇಲೆ ಎಎಡಿ, ಎಡಿಡಿ, ಡಿಡಿಡಿ ಎಂಬ ಮೂರಕ್ಷರದ ಗುರುತು ಇರುತ್ತದೆ. ಮೊದಲ ಅಕ್ಷರ ಹಾಡನ್ನು ಮುದ್ರಿಸಿದ ಯಂತ್ರದ್ದು: 'ಎ' ಅಂದರೆ ಅನಲಾಗ್, 'ಡಿ' ಅಂದರೆ ಡಿಜಿಟಲ್. 1957ರಲ್ಲಿ ಡಿಜಿಟಲ್ ರೆಕಾರ್ಡರ್ ಎಲ್ಲಿತ್ತು? ಐವತ್ತರ ದಶಕದ ಹಾಡಿನ ಸಿಡಿ ಮೇಲೆ ಡಿಡಿಡಿ ಕಂಡರೆ ಅದು ಮರುಹಾಡು ಎಂದೇ ತಿಳಿಯಿರಿ.

ಹಾಡಿನ ಅವಧಿಯೂ ಸುಳಿವು ಕೊಡುತ್ತದೆ, ಆದರೆ ಸಿಂಗಲ್‌ನ ಲೇಬಲ್ಲನ್ನು ಕಣ್ಣುಮುಚ್ಚಿ ನಂಬಬೇಡಿ. ಉದ್ದದ ಹಾಡನ್ನು ರೇಡಿಯೊದವರು ಹಾಕುವುದಿಲ್ಲವೆಂದು ನಿರ್ಮಾಪಕ ಫಿಲ್ ಸ್ಪೆಕ್ಟರ್ 1964ರಲ್ಲಿ ರೈಟಿಯಸ್ ಬ್ರದರ್ಸ್ ಸಿಂಗಲ್ ಒಂದರ ಲೇಬಲ್ ಮೇಲೆ 3:05 ಎಂದು ಅಚ್ಚು ಹಾಕಿಸಿದ. ಹಾಡು ಇದ್ದದ್ದು ಸುಮಾರು 3:45. ಹೀಗಾಗಿ ಹೋಲಿಸುವಾಗ ಅಚ್ಚಾದ ಅವಧಿ ಬಿಟ್ಟು ನಿಜವಾಗಿ ಓಡುವ ಅವಧಿ ನೋಡಿ. ಎರಡು ಮೂರು ಸೆಕೆಂಡಿನ ವ್ಯತ್ಯಾಸ ಹೆಚ್ಚಾಗಿ ಕೊನೆಯಲ್ಲಿ ದನಿ ಇಳಿಸಿದ ರೀತಿಯಿಂದ ಬರುತ್ತದೆ. ಟೇಪು ಶೇ 2ರಷ್ಟು ವೇಗವಾಗಿ ಓಡಿದ್ದರೂ ಮೂರು ನಿಮಿಷದ ಹಾಡಿನಲ್ಲಿ ಮೂರೂವರೆ ಸೆಕೆಂಡು ಕಡಿಮೆಯಾಗುತ್ತದೆ, ಶ್ರುತಿಯೂ ಅರ್ಧ ಸ್ವರದ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ನಿಮಿಷಗಟ್ಟಲೆ ವ್ಯತ್ಯಾಸವಿದ್ದರೆ ಅದು ಆಲ್ಬಮ್ಮಿನ ಪೂರ್ತಿ ರೂಪ. ಡೋರ್ಸ್ ತಂಡದ 'ಲೈಟ್ ಮೈ ಫೈರ್' ಆಲ್ಬಮ್ಮಿನಲ್ಲಿ ಏಳು ನಿಮಿಷದ ಹತ್ತಿರ ಇದ್ದರೆ, ಸಿಂಗಲ್‌ನಲ್ಲಿ ನಡುವಿನ ವಾದ್ಯಭಾಗ ಕತ್ತರಿಸಿ ಮೂರು ನಿಮಿಷಕ್ಕೂ ಕಡಿಮೆ ಮಾಡಿದ್ದರು. ರೇಡಿಯೊದವರಿಗಾಗಿ ಕತ್ತರಿಸಿದ ಆ ರೂಪ ಬೇಕಾದರೆ ಹಿಂಬದಿಯಲ್ಲಿ 'ಸಿಂಗಲ್ ವರ್ಷನ್' ಎಂದಿದೆಯೇ ನೋಡಿ.

ಮೊನೊ, ಸ್ಟೀರಿಯೊ (ಎಡಬಲದಲ್ಲಿ ಬೇರೆ ಬೇರೆ ಸದ್ದು ಬರುವುದು) ವಿಷಯಕ್ಕೆ ಬಂದರೆ ಸಂಗ್ರಾಹಕರು ಹೆಚ್ಚು ಎಡವುವುದು ಇಲ್ಲೇ. ಸ್ಟೀರಿಯೊ ಮೇಲು, ಮೊನೊ ಕೀಳು ಎಂಬ ಲೆಕ್ಕ ಈ ಹಾಡುಗಳಿಗೆ ಹೊಂದುವುದಿಲ್ಲ. 1968ರ ಸುಮಾರಿನವರೆಗೆ ಸಿಂಗಲ್‌ಗಳು ಹೆಚ್ಚಾಗಿ ಬರುತ್ತಿದ್ದದ್ದು ಮೊನೊದಲ್ಲೇ. ಸ್ಟುಡಿಯೊದವರು ತಲೆ ಕೆಡಿಸಿಕೊಂಡು ಮಿಕ್ಸ್ ಮಾಡುತ್ತಿದ್ದದ್ದೂ (ದನಿ, ವಾದ್ಯಗಳನ್ನು ಹದವಾಗಿ ಬೆರೆಸುತ್ತಿದ್ದದ್ದೂ) ಅದನ್ನೇ. ಸ್ಟೀರಿಯೊ ಮಿಕ್ಸ್ ಬೇರೆ ದಿನ, ಕೆಲವೊಮ್ಮೆ ಬೇರೆ ಟೇಕ್‌ನಿಂದ (ಅದೇ ಹಾಡನ್ನು ಇನ್ನೊಮ್ಮೆ ಹಾಡಿದ್ದರಿಂದ) ಆಗುತ್ತಿತ್ತು. ಬೀಟಲ್ಸ್‌ನ 'ಪ್ಲೀಸ್ ಪ್ಲೀಸ್ ಮಿ' ಸ್ಟೀರಿಯೊ ರೂಪದ ಕೊನೆಯ ಚರಣದಲ್ಲಿ ಜಾನ್ ಲೆನನ್ ಸಾಲು ತಪ್ಪುವುದು ಸ್ಪಷ್ಟವಾಗಿ ಕೇಳುತ್ತದೆ. ಮೊನೊ ಸಿಂಗಲ್‌ನಲ್ಲಿ ಆ ತಪ್ಪಿಲ್ಲ. 1987ರಲ್ಲಿ ಬಂದ ಸಿಡಿಯಲ್ಲಿ ಮೊನೊ ಇದೆ, 2009ರ ಸ್ಟೀರಿಯೊ ಸಿಡಿಯಲ್ಲಿ ತಪ್ಪಿದ ಸಾಲಿದೆ.

ಮೂರನೆಯದು ಹುಸಿ ಸ್ಟೀರಿಯೊ. ಮೊನೊ ಹಾಡನ್ನೇ ಎರಡಾಗಿ ಮಾಡಿ ಒಂದು ಕಡೆ ಮಂದ್ರ, ಇನ್ನೊಂದು ಕಡೆ ತೀಕ್ಷ್ಣ ಸ್ವರಗಳನ್ನು ಎತ್ತಿ, ಸ್ವಲ್ಪ ಪ್ರತಿಧ್ವನಿ ಬೆರೆಸುತ್ತಿದ್ದರು. ಕ್ಯಾಪಿಟಲ್ ಕಂಪನಿ ಇದಕ್ಕೆ ಡ್ಯುಯೊಫೋನಿಕ್ ಎಂದು ಹೆಸರಿಟ್ಟಿತ್ತು. ಹಾಡು ಬಾವಿಯೊಳಗಿಂದ ಬಂದಂತೆ ಕೇಳುತ್ತದೆ.

ಕಿವಿಗೆ ಅನುಮಾನ ಬಂದರೆ ಕಂಪ್ಯೂಟರಿನಲ್ಲಿ ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ಹಾಡನ್ನು ಸಿಡಿಯಿಂದ ವೇವ್ ಅಥವಾ ಫ್ಲ್ಯಾಕ್ ಫೈಲಾಗಿ ಇಳಿಸಿಕೊಳ್ಳಿ. ಎಂಪಿ3 ಬೇಡ, ಅದರ ಸಂಕೋಚನವೇ ಫಲಿತಾಂಶ ಕೆಡಿಸುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ತೆರೆದು, ಟ್ರ್ಯಾಕಿನ ಮೆನುವಿನಲ್ಲಿ 'ಸ್ಪ್ಲಿಟ್ ಸ್ಟೀರಿಯೊ ಟು ಮೊನೊ' ಒತ್ತಿ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿ 'ಇನ್ವರ್ಟ್' ಎಫೆಕ್ಟ್ ಕೊಟ್ಟು, ಎರಡನ್ನೂ ಒಟ್ಟಿಗೆ ನುಡಿಸಿ. ಎಡಬಲದಲ್ಲಿ ಸಮಾನವಾಗಿರುವುದೆಲ್ಲ ಒಂದನ್ನೊಂದು ಅಳಿಸಿಕೊಳ್ಳುತ್ತದೆ. ಪೂರ್ತಿ ನಿಶ್ಶಬ್ದವಾದರೆ ಅಪ್ಪಟ ಮೊನೊ. ನಡುವಿನ ದನಿ ಮಾಯವಾಗಿ ಪಕ್ಕದ ವಾದ್ಯಗಳು ಉಳಿದರೆ ನಿಜವಾದ ಸ್ಟೀರಿಯೊ. ಇಡೀ ಹಾಡು ತೆಳುವಾಗಿ, ಸೊಟ್ಟಗೆ ಉಳಿದರೆ ಹುಸಿ ಸ್ಟೀರಿಯೊ ಇರಬೇಕು. ಹಾಡು ಹೋಗಿ ಚಟಪಟ ಸದ್ದು ಮಾತ್ರ ಉಳಿದರೆ, ಟೇಪಿನಿಂದಲ್ಲ, ಪ್ಲೇಟಿನ ಮೇಲೆ ಮುಳ್ಳಿಟ್ಟು ನಕಲು ಮಾಡಿದ್ದು ಎಂದರ್ಥ.

ಪ್ಲೇಟಿನಿಂದ ಎತ್ತಿದ ಮಾತ್ರಕ್ಕೆ ದೂರ ಮಾಡಬೇಡಿ. ಸಣ್ಣ ಕಂಪನಿಗಳ ಎಷ್ಟೋ ಟೇಪುಗಳು ಇಂದು ಇಲ್ಲ. ಒಳ್ಳೆಯ ಪ್ಲೇಟು, ಒಳ್ಳೆಯ ಮುಳ್ಳು, ತಾಳ್ಮೆ ಇದ್ದರೆ ಸೊಗಸಾದ ನಕಲು ಸಾಧ್ಯ, ಪ್ರಾಮಾಣಿಕ ಕಂಪನಿಗಳು ಅದನ್ನು ಬರೆದೂ ಹೇಳುತ್ತವೆ. ಹಾಡನ್ನು ಕೊಲ್ಲುವುದು ಅತಿಯಾದ ಸದ್ದು ಶುದ್ಧೀಕರಣ. ಟೇಪಿನ 'ಸ್' ಎನ್ನುವ ಸದ್ದನ್ನು ಅಳಿಸಲು ಹೋಗಿ ಸಿಂಬಲ್ ತಾಳದ ಝಣಝಣ, ಗಾಯಕನ ಉಸಿರು ಎಲ್ಲ ಅಳಿಸಿಬಿಡುತ್ತಾರೆ. ಹಾಡಿನ ಕೊನೆಯಲ್ಲಿ ದನಿ ಇಳಿಯುವಾಗ ಹೆಡ್‌ಫೋನ್ ಹಾಕಿ ಕೇಳಿ. ನೀರೊಳಗೆ ಗುಳುಗುಳು ಅಂದಂತೆ ಕೇಳಿದರೆ ಆ ಸಿಡಿ ಬೇಡ. ಸ್ವಲ್ಪ 'ಸ್' ಉಳಿದಿರುವ ಸಿಡಿಯೇ ಲೇಸು.

ನಾಲ್ಕು ಡಿಸ್ಕು, ನೂರು ಹಾಡು, ಬೆಲೆ ಮಾತ್ರ ಬಹಳ ಕಡಿಮೆ ಎಂಬ ಯುರೋಪಿನ ಪೆಟ್ಟಿಗೆಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ ಧ್ವನಿಮುದ್ರಣದ ಹಕ್ಕು 2013ರ ನವೆಂಬರಿನಿಂದ 50ರ ಬದಲು 70 ವರ್ಷಕ್ಕೆ ಏರಿತು. ಅಷ್ಟರೊಳಗೆ ಅವಧಿ ಮುಗಿದಿದ್ದ, ಅಂದರೆ 1963ಕ್ಕೆ ಮೊದಲು ಬಂದ ಹಾಡುಗಳಿಗೆ ಆ ಹೆಚ್ಚುವರಿ ರಕ್ಷಣೆ ಸಿಗಲಿಲ್ಲ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದು. ಇವುಗಳಲ್ಲಿ ಹಾಡು ಅಸಲಿ ಇರುವ ಸಂಭವವೇ ಹೆಚ್ಚು, ಏಕೆಂದರೆ ಅಸಲಿಗೇ ದುಡ್ಡು ಕೊಡಬೇಕಿಲ್ಲ. ಆದರೆ ಮೂಲ ಟೇಪು ಇವರ ಕೈಗೆ ಸಿಗುವುದಿಲ್ಲ. ಬೇರೆ ಸಿಡಿಯಿಂದಲೋ ಪ್ಲೇಟಿನಿಂದಲೋ ಎತ್ತಿರುತ್ತಾರೆ. ಹಾಡುಗಳ ಪರಿಚಯಕ್ಕೆ ಒಳ್ಳೆಯದು, ಮನಸ್ಸಿಗೆ ಹತ್ತಿದ ಹಾಡನ್ನು ಆಮೇಲೆ ಒಳ್ಳೆಯ ಸಂಕಲನದಲ್ಲಿ ಕೊಳ್ಳಿ.

ಇನ್ನು ಡಿಸ್ಕು. ಬಳಸಿದ ಸಿಡಿ ಕೊಳ್ಳುವಾಗ ಜನ ಹೊಳೆಯುವ ಬದಿಯ ಗೀರು ನೋಡುತ್ತಾರೆ. ನೋಡಬೇಕಾದದ್ದು ಹೆಸರು ಅಚ್ಚಾದ ಬದಿ. ಹೊಳೆಯುವ ಬದಿಯಲ್ಲಿ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ ರಕ್ಷಣೆ ಇದೆ. ಅಚ್ಚಿನ ಬದಿಯಲ್ಲಿ ತೆಳುವಾದ ಮೆರುಗೆಣ್ಣೆಯ ಕೆಳಗೇ ಅಲ್ಯೂಮಿನಿಯಂ ಪದರ ಇದೆ. ಅದು ಕಿತ್ತರೆ ಹಾಡೂ ಹೋಯಿತು. ಪದರ ಕಿತ್ತಿದ್ದರೆ, ಡಿಸ್ಕನ್ನು ಬಲ್ಬಿಗೆ ಎದುರಾಗಿ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಕಾಣುತ್ತವೆ. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಪಿಡಿಒ ಕಾರ್ಖಾನೆಯಲ್ಲಿ ತಯಾರಾದ ಕೆಲವು ಡಿಸ್ಕುಗಳು ಅಂಚಿನಿಂದ ತಾಮ್ರದ ಬಣ್ಣಕ್ಕೆ ತಿರುಗಿ ಹಾಳಾಗುತ್ತವೆ. ನಡುವಿನ ಉಂಗುರದಲ್ಲಿ 'ಮೇಡ್ ಇನ್ ಯುಕೆ ಬೈ ಪಿಡಿಒ' ಎಂದಿದ್ದರೆ ಅಂಚು ಪರೀಕ್ಷಿಸಿ. ಹೊಳೆಯುವ ಬದಿ ಹಸಿರು ಅಥವಾ ನೀಲಿಯಾಗಿದ್ದರೆ ಅದು ಮನೆಯ ಕಂಪ್ಯೂಟರಿನಲ್ಲಿ ನಕಲು ಮಾಡಿದ ಸಿಡಿ-ಆರ್ ಇರಬಹುದು. ಮಾರುವವರಿಂದ ಆ ನಡುವಿನ ಉಂಗುರದ ಹತ್ತಿರದ ಫೋಟೊ ಕೇಳಿ.

ನಮ್ಮ ಮಳೆಗಾಲದಲ್ಲಿ ಡಿಸ್ಕಿಗಿಂತ ಮೊದಲು ಕೆಡುವುದು ಒಳಗಿನ ಪುಸ್ತಿಕೆ. ಹಾಡಿನ ಮೂಲ ಸಂಖ್ಯೆ, ವರ್ಷ ಇರುವುದೇ ಅದರಲ್ಲಿ, ಆದ್ದರಿಂದ ಪುಸ್ತಿಕೆ ಕೈಗೆ ಬಂದ ದಿನವೇ ಅದರ ಪುಟಗಳ ಫೋಟೊ ತೆಗೆದಿಡಿ. ಎಂಬತ್ತರ ದಶಕದ ದಪ್ಪ ಜೋಡಿ ಡಬ್ಬಿಗಳಲ್ಲಿ ಡಿಸ್ಕಿನ ಮೇಲೆ ಸ್ಪಂಜಿನ ಹಾಳೆ ಇಟ್ಟಿರುತ್ತಾರೆ. ಅದು ಹಳತಾಗಿ ಅಂಟಾಗುತ್ತದೆ, ಅಚ್ಚಿನ ಬದಿಗೆ ಹತ್ತಿಕೊಂಡರೆ ಪದರ ಸಮೇತ ಕಿತ್ತು ಬರುತ್ತದೆ. ಇನ್ನೂ ಅಂಟದಿದ್ದರೆ ಇವತ್ತೇ ತೆಗೆದು ಎಸೆಯಿರಿ.