ಓದುಗರ ಪ್ರಶ್ನೆ: ಮನೆಯ ಗುಟ್ಟನ್ನು ಕೊನೆಯ ಪುಟದವರೆಗೂ ಮುಚ್ಚಿಡಬೇಕೇ?

ಪ್ರಶ್ನೆ: ಹಳೇ ವಾಡೆಯೊಂದಕ್ಕೆ ಕೂಸು ನೋಡಿಕೊಳ್ಳಲು ಬರುವ ಹುಡುಗಿಯ ಮೇಲೆ ಥ್ರಿಲ್ಲರ್ ಕಾದಂಬರಿ ಬರೆಯುತ್ತಿದ್ದೇನೆ. ಮನೆಯ ಗುಟ್ಟು ಕೊನೆಯ ಪುಟದವರೆಗೂ ಓದುಗನಿಗೆ ಗೊತ್ತಾಗಬಾರದು, ಅಲ್ಲವೇ?

ಉತ್ತರ: ಅಲ್ಲ. ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಈ ಸಲ ಬುಡಸಮೇತ ಕೀಳೋಣ.

ಬೆಚ್ಚುವುದು ಬೇರೆ, ಜೀವ ಕೈಯಲ್ಲಿ ಹಿಡಿದು ಕೂರುವುದು ಬೇರೆ. ಮುಚ್ಚಿಟ್ಟು ತೆರೆದರೆ ಓದುಗ ಒಮ್ಮೆ ಬೆಚ್ಚುತ್ತಾನೆ, ಅಷ್ಟೇ. ಫ್ರೆಂಚ್ ನಿರ್ದೇಶಕ ತ್ರುಫೋ ಜತೆಗಿನ 1962ರ ಮಾತುಕತೆಯಲ್ಲಿ ಹಿಚ್‌ಕಾಕ್ ಇದಕ್ಕೆ ಲೆಕ್ಕವನ್ನೇ ಕೊಟ್ಟಿದ್ದಾನೆ: ಮೇಜಿನಡಿಯ ಬಾಂಬು ಹೇಳದೆ ಸಿಡಿದರೆ ಪ್ರೇಕ್ಷಕನಿಗೆ 15 ಸೆಕೆಂಡಿನ ಆಘಾತ, ಅದು ಅಲ್ಲಿದೆ ಎಂದು ಮೊದಲೇ ತೋರಿಸಿದರೆ 15 ನಿಮಿಷದ ತಳಮಳ. ಇನ್ನು ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ನೋಡಿ. ಮಕ್ಕಳನ್ನು ನೋಡಿಕೊಳ್ಳಲು ಬಂದವಳಿಗೆ ಕಂಡದ್ದು ದೆವ್ವವೋ ಅವಳದೇ ಭ್ರಮೆಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಕೊನೆಯಲ್ಲಿ ಗುಟ್ಟು ಬಿಚ್ಚುವುದೇ ಜೀವಾಳವಾಗಿದ್ದರೆ, ಗುಟ್ಟನ್ನೇ ಬಿಚ್ಚದ ಆ ಕಥೆಯನ್ನು ಇಷ್ಟು ದಿನ ಯಾರು ಓದುತ್ತಿದ್ದರು?

ಹಾಗಾದರೆ ಮಾಡಬೇಕಾದದ್ದೇನು? ಹುಡುಗಿಗಿಂತ ಓದುಗನಿಗೆ ಒಂದು ತೂಕ ಹೆಚ್ಚು ಗೊತ್ತಿರಬೇಕು. ನಮ್ಮ ಕಡೆಯ ಮನೆಗಳು ಇದನ್ನು ಪುಕ್ಕಟೆ ಒದಗಿಸುತ್ತವೆ, ಬರೆಯುವವರೇ ಅದನ್ನು ಬಿಟ್ಟು ಚರ್ಚು, ಮಂಜು, ಬೆಟ್ಟದ ಬಂಗಲೆ ಹುಡುಕಿಕೊಂಡು ಹೋಗುತ್ತಾರೆ. ಹಳೇ ಬಾಗಲಕೋಟೆಯನ್ನೇ ತೆಗೆದುಕೊಳ್ಳಿ. ಆಲಮಟ್ಟಿ ಹಿನ್ನೀರಿನಿಂದಾಗಿ ಓಣಿಗೆ ಓಣಿಯೇ ನವನಗರಕ್ಕೆ ಎದ್ದು ಹೋಯಿತು. ಅಂಥ ಓಣಿಯಲ್ಲಿ ಒಂದೇ ವಾಡೆಯಲ್ಲಿ ದೀಪ ಉರಿಯುತ್ತದೆ. ಜಲಾಶಯ 519.60 ಮೀಟರ್ ಮಟ್ಟಕ್ಕೆ, ಅಂದರೆ ಪೂರ್ತಿ, ತುಂಬಿದಾಗ ನೀರು ಹಿತ್ತಲಿನ ಆಚೆಗೇ ನಿಲ್ಲುತ್ತದೆ. ಒಂಟಿತನಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಈಗ ಪಡಸಾಲೆಯ ಹಗೇವು, ಅಂದರೆ ನೆಲದಡಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತುವ ಗುಂಡಿ. ಹುಡುಗಿ ಬೆಳಗಾವಿಯ ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿ ಬೆಳೆದಾಕಿ ಎಂದಿಟ್ಟುಕೊಳ್ಳಿ, ಹಗೇವು ಕಂಡಿಲ್ಲ. ಹಾಸುಗಲ್ಲಿನ ಸುತ್ತ ಹಸಿ ಮಣ್ಣು ಮೆತ್ತಿದ್ದು ನೋಡಿ ನೆಲ ರಿಪೇರಿ ಅಂದುಕೊಂಡು, ಅದರ ಮೇಲೆಯೇ ತೊಟ್ಟಿಲು ಕಟ್ಟುತ್ತಾಳೆ. ವಿಜಯಪುರದ ಓದುಗ ಅಲ್ಲೇ ನೆಟ್ಟಗೆ ಕೂರುತ್ತಾನೆ. ಹಿನ್ನೀರಿನ ತೇವಕ್ಕೆ ಒಳಗಿನ ಜೋಳ ಎಂದೋ ಕೊಳೆತಿರಬೇಕು. ಬಳಕೆಯಲ್ಲಿಲ್ಲದ ಹಗೇವಿಗೆ ಹೊಸ ಮಣ್ಣು ಯಾಕೆ? ಇದನ್ನು 250 ಪುಟದ ಕಾದಂಬರಿಯ 20ನೇ ಪುಟದೊಳಗೆ ಇಡಿ, ಒಂದೂವರೆ ಸಾಲಿನಲ್ಲಿ, ಬೇರೆ ಕೆಲಸದ ನಡುವೆ. ಯಾರು, ಯಾಕೆ ಎಂಬುದು ಹೇಗೂ ಉಳಿದಿರುತ್ತದೆ. ಮುಚ್ಚಿಡುವ ಚಟವಿದ್ದರೆ ಅದನ್ನು ಮುಚ್ಚಿಡಿ.

ಮುಂದೆ ಅವಳು ಒಳಗೆ ಇಳಿಯಲೇಬೇಕಲ್ಲ, ಅಲ್ಲಿ ಎಲ್ಲರೂ ಎಡವುತ್ತಾರೆ. ಕಾಳು ಉಸಿರಾಡುತ್ತದೆ, ಕೊಳೆತರೆ ಇನ್ನೂ ಜೋರು. ಆಮ್ಲಜನಕ ತೀರಿ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಲ್ಲುತ್ತದೆ. ಅದಕ್ಕೇ ಹಿರಿಯರು ಬಾಯಿ ತೆರೆದು, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸುತ್ತಿದ್ದರು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ನಿಮ್ಮ ಹುಡುಗಿಯ ಕೈಯಲ್ಲಿರುವುದು ಮೊಬೈಲ್ ಟಾರ್ಚು. ಅದು ಎಂಥ ಗಾಳಿಯಲ್ಲೂ ಆರುವುದಿಲ್ಲ. ಬಾಂಬು ಅಂದರೆ ಇದು. ದಯವಿಟ್ಟು ಹಗೇವಿನೊಳಗೆ ಹತ್ತು ನಿಮಿಷದ ಹೊಡೆದಾಟ ಬರೆಯಬೇಡಿ. ಅಲ್ಲಿ ಮನುಷ್ಯ ಕೂಗುವ ಮೊದಲೇ ಕುಸಿಯುತ್ತಾನೆ.

ಕಥೆಯನ್ನು ಅವಳೇ ‘ನಾನು’ ಎಂದು ಹೇಳುತ್ತಿದ್ದರೆ ಒಂದೇ ನಿಯಮ: ಕಂಡದ್ದನ್ನು ಮರೆಮಾಚುವಂತಿಲ್ಲ, ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದು.

ನೀವು ಕೇಳದಿದ್ದರೂ ಹೇಳಬೇಕಾದ ಮಾತೊಂದಿದೆ: ಕೂಸಿನ ವಯಸ್ಸು. ಇಂಥ ಹಸ್ತಪ್ರತಿಗಳಲ್ಲಿ ತೊಟ್ಟಿಲ ಕೂಸೇ ಮೂರನೇ ಅಧ್ಯಾಯದಲ್ಲಿ ಒಗಟು ಹೇಳತೊಡಗುತ್ತದೆ. ತೊಟ್ಟಿಲ ಕೂಸು ಅಳಬಲ್ಲದು, ಅಷ್ಟೇ. ಹತ್ತು ವರ್ಷದ ಹುಡುಗನಿಗೆ ಯಾವುದನ್ನು ಹೇಳಬಾರದೆಂದು ತಿಳಿಯುತ್ತದೆ. ನಿಮಗೆ ಬೇಕಾದದ್ದು ಐದರ ಅಕ್ಕ: ನೋಡಿದ್ದನ್ನು ಹೇಳುತ್ತದೆ, ಅದರ ಅರ್ಥ ಅದಕ್ಕೇ ಗೊತ್ತಿರುವುದಿಲ್ಲ. ತೊಟ್ಟಿಲಲ್ಲಿ ತಮ್ಮನಿರಲಿ, ಪಕ್ಕದಲ್ಲಿ ಈಕೆ. ಅಜ್ಜಿ ಪುಣೆಗೆ ಹೋಗಿದ್ದಾಳೆ ಎಂದು ಮನೆಯವರು ಮೊದಲ ದಿನವೇ ಹೇಳಿರಲಿ. ಮನೆ ಒಂದೇ ಅಂತಸ್ತಿನದು, ಮೇಲೆ ಬರೀ ಮಣ್ಣಿನ ಮಾಳಿಗೆ. ರಾತ್ರಿ ಕರೆಂಟು ಹೋದಾಗ ಮಗು ಅನ್ನಲಿ:

“ಸಾವಕಾಶ ತೂಗ್ರಿ. ಅಜ್ಜಿ ಕೆಳಗ ಮಲಗ್ಯಾಳ.”

ನಿಮ್ಮ ಹುಡುಗಿ ಟಾರ್ಚು ಹಿಡಿದು ಅಂಗಳ ನೋಡುತ್ತಾಳೆ, ಹಿತ್ತಲು ನೋಡುತ್ತಾಳೆ. ಓದುಗ ಮಾತ್ರ ತೊಟ್ಟಿಲ ಅಡಿಯ ಹಾಸುಗಲ್ಲನ್ನೇ ನೋಡುತ್ತಿರುತ್ತಾನೆ.