ಎಸ್.ಪಿ. ರಸ್ತೆಯ ಪತ್ರಪ್ಪ ಯಾರು?

ಕಂಪ್ಯೂಟರ್ ಬಿಡಿಭಾಗ, ವೈರು, ಸರ್ಕ್ಯೂಟ್ ಬೋರ್ಡು ಬೇಕಾದ ಬೆಂಗಳೂರಿಗರು ಹೋಗುವುದು ಎಸ್.ಪಿ. ರಸ್ತೆಗೆ. ಆ ಎರಡಕ್ಷರದ ಹಿಂದೆ ಪತ್ರಪ್ಪ ಎಂಬ ಒಬ್ಬ ಮನುಷ್ಯ ಇದ್ದಾನೆ. ವಿಳಾಸಗಳಲ್ಲಿ ಕೆಲವರು ‘ಸಾದರ್ ಪತ್ರಪ್ಪ’ ಎಂದು ಬರೆಯುತ್ತಾರೆ, ಕೆಲವರು ‘ಸರ್ದಾರ್ ಪತ್ರಪ್ಪ’ ಎನ್ನುತ್ತಾರೆ. ಹೆಸರೇ ಎರಡು ಬಗೆಯಾಗಿರುವಾಗ ಮನುಷ್ಯನ ಗುರುತು ಎಲ್ಲಿ ಉಳಿಯಬೇಕು? ಬೇಕಾದವರೊಬ್ಬರ ನೆನಪಿಗೆ ಏನಾದರೂ ಮಾಡಬೇಕು ಅಂತ ಊರು ಹೊರಟಾಗ, ಅರ್ಜಿಯಿಂದ ಫಲಕದವರೆಗೆ ಕಡತ ಸಾಗುವ ದಾರಿ ಬಹಳ ಜನಕ್ಕೆ ಗೊತ್ತಿಲ್ಲ. ಫಲಕ ಬಿದ್ದ ಮೇಲೂ ಹೆಸರು ನಾಲಗೆಗೆ ಹತ್ತದೆ ಹೋಗುವುದು ಏಕೆ ಎಂಬುದು ಇನ್ನೊಂದು ಪ್ರಶ್ನೆ.

ಈ ನೆಲದಲ್ಲಿ ಇದಕ್ಕೆ ಹಳೆಯ ಪದ್ಧತಿ ಇತ್ತು. ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು; ಊರ ಮೇಲೆ ಬಂದ ದಾಳಿಯನ್ನು ಎದುರಿಸಿ ಸತ್ತ ಕಿತ್ತಯ್ಯ ಎಂಬವನಿಗೆ ನಿಲ್ಲಿಸಿದ್ದು. ‘ಬೆಂಗಳೂರು’ ಎಂಬ ಹೆಸರು ಮೊದಲು ಕಾಣಿಸುವ ಬೇಗೂರಿನ ಶಾಸನ ಸುಮಾರು 890ರದ್ದು. ಅದೂ ಕಾಳಗದಲ್ಲಿ ಸತ್ತವರ ನೆನಪಿನದೇ. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಅವನು ದೇವರ ಎದುರು ಕೂತಿರುವುದು. ಕಲ್ಲಿನ ಜೊತೆಗೆ ಎಷ್ಟೋ ಕಡೆ ಸತ್ತವನ ಮನೆಯವರಿಗೆ ಭೂಮಿಯನ್ನೂ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ದತ್ತಿ ಕೊಟ್ಟ ಶಾಸನವಾದರೆ ಕೊನೆಯಲ್ಲಿ ಒಂದು ಶಾಪವೂ ಇರುತ್ತದೆ: ಇದನ್ನು ಅಳಿದವನಿಗೆ ಕವಿಲೆಯನ್ನು (ಹಸುವನ್ನು) ಕೊಂದ ಪಾಪ. ಯಾರು, ಏನು ಮಾಡಿದ, ಎಲ್ಲಿ ಮಾಡಿದ, ಮನೆಯವರಿಗೆ ಏನು ಸಿಕ್ಕಿತು, ಹಾಳು ಮಾಡಿದರೆ ಏನಾಗುತ್ತದೆ, ಎಲ್ಲವೂ ಒಂದೇ ಕಲ್ಲಿನಲ್ಲಿ. ಇವತ್ತಿನ ಹಸಿರು ಫಲಕದಲ್ಲಿ ಇವುಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಅದೂ ಇನಿಷಿಯಲ್ಲಿನಲ್ಲಿ.

ಕಲ್ಲು ಹೋಗಿ ಕಂಚು ಬಂದದ್ದು ಬ್ರಿಟಿಷರ ಕಾಲದಲ್ಲಿ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್‌ನ ಕುದುರೆ ಸವಾರಿಯ ಪ್ರತಿಮೆ 1866ರದ್ದು, ಮಾರೊಚೆಟ್ಟಿ ಎಂಬ ಶಿಲ್ಪಿಯ ಕೈಕೆಲಸ. ಬಹುಕಾಲ ಅಠಾರ ಕಚೇರಿಯ, ಅಂದರೆ ಈಗಿನ ಹೈಕೋರ್ಟಿನ ಮುಂದೆ ನಿಂತಿದ್ದ ಅದನ್ನು 2020ರಲ್ಲಿ ಕಬ್ಬನ್ ಪಾರ್ಕಿನೊಳಕ್ಕೆ ಸಾಗಿಸಲಾಯಿತು. ಆ ಪಾರ್ಕಿನ ಕಥೆ ಇನ್ನೂ ಸ್ವಾರಸ್ಯದ್ದು. ಮೊದಲು ಅದು ಮೀಡ್ಸ್ ಪಾರ್ಕ್, ಆಮೇಲೆ ಕಬ್ಬನ್ ಪಾರ್ಕ್. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, ಅಧಿಕೃತವಾಗಿ ಶ್ರೀ ಚಾಮರಾಜೇಂದ್ರ ಉದ್ಯಾನ ಆಯಿತು. ಸುಮಾರು ನೂರು ವರ್ಷ ಸಂದರೂ ಆಟೊದವರಿಗೆ ‘ಚಾಮರಾಜೇಂದ್ರ ಉದ್ಯಾನ’ ಅಂದು ನೋಡಿ, ತಿರುಗಿ ನಿಮ್ಮನ್ನೇ ಎಲ್ಲಿ ಸಾರ್ ಎಂದು ಕೇಳುತ್ತಾರೆ.

ಪುರಭವನಕ್ಕೂ ಇದೇ ಗತಿ. 1935ರಲ್ಲಿ ಕಟ್ಟಿ ಮುಗಿದ ಅದರ ಪೂರ್ತಿ ಹೆಸರು ಸರ್ ಪುಟ್ಟಣ್ಣ ಚೆಟ್ಟಿ ಪುರಭವನ. ನಗರಸಭೆಯ ಅಧ್ಯಕ್ಷರಾಗಿ ಊರಿಗೆ ದುಡಿದವರ ಹೆಸರು ಕಟ್ಟಡದ ಮೇಲಿದೆ. ನಾಲಗೆಯ ಮೇಲಿರುವುದು ಟೌನ್ ಹಾಲ್. ಅಲ್ಲಿ ನಡೆಯುತ್ತಿದ್ದ ಪ್ರತಿಭಟನೆಗಳ ಕರಪತ್ರದಲ್ಲೂ ಅದೇ ಇರುತ್ತಿತ್ತು.

ಹಾಗಿದ್ದರೆ ಉಳಿದ ಹೆಸರುಗಳು ಯಾವುವು? ಮೇಖ್ರಿ ವೃತ್ತ ಉಳಿದಿದೆ. ಇನಾಯತುಲ್ಲಾ ಮೇಖ್ರಿ ಅಲ್ಲಿ ತಮ್ಮ ಕೈಯಿಂದ ಹಣ ಹಾಕಿ ರಸ್ತೆ ಮಾಡಿಸಿದರು ಎಂದೇ ಊರಿನ ನೆನಪು. ಎಲೆ ಮಲ್ಲಪ್ಪ ಶೆಟ್ಟಿ ಕೆರೆಯಲ್ಲಿ ವೀಳ್ಯದೆಲೆ ವ್ಯಾಪಾರಿಯ ಕಸುಬೂ ಸೇರಿ ಉಳಿದಿದೆ. ಸಜ್ಜನ್ ರಾವ್ ವೃತ್ತದಲ್ಲಿ ದಾನಿಯ ಹೆಸರಿನ ಪಕ್ಕದಲ್ಲೇ ಅವರು ಕಟ್ಟಿಸಿದ ದೇವಸ್ಥಾನ ಇದೆ. ಮೂರಕ್ಕೂ ಸಮಾನವಾದದ್ದು ಒಂದು: ಹೆಸರು ಬಿದ್ದದ್ದು ಆ ಮನುಷ್ಯ ಕೆಲಸ ಮಾಡಿದ ಜಾಗಕ್ಕೇ. ಇನ್ನೊಂದು ಗುಟ್ಟು ಡಿ.ವಿ.ಜಿ. ರಸ್ತೆಯಲ್ಲಿದೆ. ಬಸವನಗುಡಿಯವರು ಗುಂಡಪ್ಪನವರನ್ನು ಅವರು ಬದುಕಿದ್ದಾಗಲೇ ಡಿವಿಜಿ ಎನ್ನುತ್ತಿದ್ದರು. ಹಾಗಾಗಿ ಮೂರಕ್ಷರಕ್ಕೆ ಇಳಿದರೂ ಅಲ್ಲಿ ಮನುಷ್ಯ ಕಳೆದುಹೋಗಲಿಲ್ಲ. ಕೆಂಗಲ್ ಹನುಮಂತಯ್ಯನವರನ್ನು ಯಾರೂ ‘ಕೆ.ಎಚ್.’ ಎಂದು ಕರೆದವರಲ್ಲ. ಡಬಲ್ ರೋಡಿಗೆ ಅವರ ಹೆಸರಿಟ್ಟಾಗ ಅದು ಕೆ.ಎಚ್. ರಸ್ತೆಯಾಗಿ, ವಿಧಾನಸೌಧ ಕಟ್ಟಿಸಿದವರು ಎರಡಕ್ಷರದಲ್ಲಿ ಕರಗಿಹೋದರು. ಹಳಬರು ಈಗಲೂ ಡಬಲ್ ರೋಡ್ ಎನ್ನುವುದನ್ನು ಬಿಟ್ಟಿಲ್ಲ.

ಇನ್ನು ಕಡತದ ಹಾದಿ. ಸಾರ್ವಜನಿಕ ರಸ್ತೆಗೆ ಹೆಸರಿಡುವ, ಬದಲಿಸುವ ಅಧಿಕಾರ ಪಾಲಿಕೆಯದು. ಆದರೆ ಅದಕ್ಕೆ ರಾಜ್ಯ ಸರ್ಕಾರದ ಅನುಮೋದನೆ ಬೇಕು. ಅರ್ಜಿ ಕ್ಷೇಮಾಭಿವೃದ್ಧಿ ಸಂಘದಿಂದ ಬರಬಹುದು, ಅಭಿಮಾನಿ ಸಂಘದಿಂದ ಬರಬಹುದು, ಶಾಸಕರ ಪತ್ರದ ಮೂಲಕವೂ ಬರಬಹುದು. ಅದು ವಾರ್ಡಿನ ಎಂಜಿನಿಯರ್ ಮೇಜಿಗೆ ಇಳಿದು, ಜಾಗದ ವರದಿಯೊಂದಿಗೆ ಮೇಲೆ ಹೋಗಿ, ಸ್ಥಾಯಿ ಸಮಿತಿ ದಾಟಿ ಕೌನ್ಸಿಲ್ ಸಭೆಯ ನಿರ್ಣಯವಾಗುತ್ತದೆ. ಆಮೇಲೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ, ಸಲಹೆಗಳಿಗೆ 30 ದಿನದ ಗಡುವು ಕೊಡುವುದು ರೂಢಿ. ಬಂದ ಆಕ್ಷೇಪಣೆಗಳನ್ನು ನೋಡಿ ಸರ್ಕಾರಕ್ಕೆ ಕಳಿಸುತ್ತಾರೆ. ಅಲ್ಲಿಂದ ಆದೇಶ ಬಂದ ಮೇಲೆ ಫಲಕ.

ಅರ್ಜಿಯಲ್ಲಿ ಸೊರಗುವುದು ಭಕ್ತಿಯಲ್ಲ, ಭೂಗೋಳ. ‘ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಇವರ ಹೆಸರಿಡಿ’ ಎಂದರೆ ಎಂಜಿನಿಯರ್‌ಗೆ ಏನೂ ಹೇಳಿದಂತಾಗಲಿಲ್ಲ. ಯಾವ ಜಂಕ್ಷನ್‌ನಿಂದ ಯಾವ ಜಂಕ್ಷನ್‌ವರೆಗೆ, ಉದ್ದ ಎಷ್ಟು, ನಡುವೆ ಎಷ್ಟು ಅಡ್ಡರಸ್ತೆ, ಈಗ ದಾಖಲೆಯಲ್ಲಿರುವ ಹೆಸರೇನು, ಅದೇ ಹೆಸರಿನ ಇನ್ನೊಂದು ರಸ್ತೆ ಪಾಲಿಕೆ ವ್ಯಾಪ್ತಿಯಲ್ಲಿ ಇದೆಯೇ, ಇವಿಷ್ಟು ಒಂದು ಕೈನಕ್ಷೆಯೊಂದಿಗೆ ಇರಬೇಕು. ವ್ಯಕ್ತಿಯ ಬಗ್ಗೆ ಒಂದು ಪುಟ ಸಾಕು. ಆದರೆ ಆ ಪುಟದಲ್ಲಿ ಆ ರಸ್ತೆಗೂ ಅವರಿಗೂ ಏನು ಸಂಬಂಧ ಎಂಬ ವಾಕ್ಯ ಇರಲೇಬೇಕು. ಅವರ ಮನೆ ಅಲ್ಲಿತ್ತೇ, ಶಾಲೆ ಅಲ್ಲಿತ್ತೇ, ಕ್ಲಿನಿಕ್ ಅಲ್ಲಿತ್ತೇ? ಜೊತೆಗೆ ಸಂಘದ ಸಭೆಯ ನಡಾವಳಿಯ ಪ್ರತಿ, ಮನೆಯವರ ಒಪ್ಪಿಗೆ ಪತ್ರ. ಮನೆಯವರನ್ನು ಕೇಳದೆ ಹೆಸರು ಮುಂದಿಟ್ಟು, ‘ಅಪ್ಪನಿಗೆ ಇದೆಲ್ಲ ಹಿಡಿಸುತ್ತಿರಲಿಲ್ಲ’ ಎಂದು ಅವರು ಹೇಳಿದ ಮೇಲೆ ಎಲ್ಲರೂ ಪೆಚ್ಚಾಗುವುದಕ್ಕಿಂತ ಮೊದಲೇ ಕೇಳುವುದು ವಾಸಿ.

ಹೊಸ ಬಡಾವಣೆಯ ಹೆಸರಿಲ್ಲದ ರಸ್ತೆಗೆ ಹೆಸರಿಡುವುದು ಸಲೀಸು. ಇದ್ದ ಹೆಸರನ್ನು ಕಿತ್ತು ಇನ್ನೊಂದಿಡುವುದು ಬೇರೆಯೇ ಯುದ್ಧ. ಮೊದಲ ಆಕ್ಷೇಪಣೆ ಬರುವುದು ಇತಿಹಾಸಕಾರರಿಂದ ಅಲ್ಲ, ಅಂಗಡಿಯವರಿಂದ. ಜಿಎಸ್‌ಟಿ ನೋಂದಣಿ, ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಬಿಲ್ ಪುಸ್ತಕ, ಎಲ್ಲದರಲ್ಲೂ ಹಳೆಯ ವಿಳಾಸ. ಈ ಗೋಳಿಗೆ ಬಳಕೆಯಲ್ಲಿರುವ ಮದ್ದು ಒಂದಿದೆ: ರಸ್ತೆಯನ್ನು ಬಿಟ್ಟು ವೃತ್ತಕ್ಕೋ ಉದ್ಯಾನಕ್ಕೋ ಹೆಸರಿಡುವುದು. ವೃತ್ತದಲ್ಲಿ ಯಾರ ಮನೆಯೂ ಇರುವುದಿಲ್ಲ.

ಮೈಸೂರಿನಲ್ಲಿ 2024ರ ಕೊನೆಗೆ ಆದ ಗಲಾಟೆ ಇದರ ಪಾಠದಂತಿದೆ. ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡುವ ಪ್ರಸ್ತಾವಕ್ಕೆ ಪಾಲಿಕೆ ಆಕ್ಷೇಪಣೆ ಕರೆಯಿತು. ಆ ರಸ್ತೆಗೆ ಆಗಲೇ ಪ್ರಿನ್ಸೆಸ್ ರಸ್ತೆ ಎಂಬ ಹೆಸರಿದೆ ಎಂದು ವಿರೋಧಿಸಿದವರು ದಾಖಲೆ ಹಿಡಿದು ಬಂದರು. ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಕ್ಷಯರೋಗ ಆಸ್ಪತ್ರೆ ಇರುವುದೂ ಅದೇ ರಸ್ತೆಯಲ್ಲಿ. ಅಧಿಕಾರದಲ್ಲಿರುವವರ ಹೆಸರನ್ನು ಅವರ ಕಾಲದಲ್ಲೇ ಇಡಬಹುದೇ ಎಂಬ ತಕರಾರು ಒಂದು ಕಡೆಯಾದರೆ, ದಾಖಲೆಯಲ್ಲಿ ಹಳೆಯ ಹೆಸರು ಇತ್ತೇ ಇಲ್ಲವೇ ಎಂಬುದು ಇನ್ನೊಂದು ಕಡೆ. ಎರಡನೆಯದನ್ನು ನಿರ್ಣಯಕ್ಕೆ ಮೊದಲೇ ಹುಡುಕಬೇಕಿತ್ತು ಎನ್ನುವುದರಲ್ಲಿ ಎರಡು ಮಾತಿಲ್ಲ.

ಚುನಾಯಿತ ಕೌನ್ಸಿಲ್ ಇಲ್ಲದ ಕಾಲದಲ್ಲಿ ಸಭೆಯ ಕೆಲಸ ಆಡಳಿತಾಧಿಕಾರಿಯ ಒಂದು ಸಹಿಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡದ್ದು 2021ರ ಅಕ್ಟೋಬರ್ 29ರಂದು. ನಾಯಂಡಹಳ್ಳಿಯಿಂದ ಬನ್ನೇರುಘಟ್ಟ ರಸ್ತೆಯವರೆಗಿನ ಸುಮಾರು 12 ಕಿ.ಮೀ. ಹೊರವರ್ತುಲ ರಸ್ತೆಗೆ ಅವರ ಹೆಸರು ಬಿದ್ದದ್ದು 2023ರ ಫೆಬ್ರವರಿಯಲ್ಲಿ. ಮರು ತಿಂಗಳೇ ರೇಸ್‌ಕೋರ್ಸ್ ರಸ್ತೆಗೆ ಅಂಬರೀಶ್ ಹೆಸರು ಬಂತು. ಮೇ ತಿಂಗಳಲ್ಲಿ ವಿಧಾನಸಭೆ ಚುನಾವಣೆ. ಜನರ ಪ್ರೀತಿಯ ಬಗ್ಗೆ ಇಲ್ಲಿ ತಕರಾರಿಲ್ಲ, ಪುನೀತ್ ಅವರ ಅಂತಿಮ ದರ್ಶನಕ್ಕೆ ಬಂದ ಜನಸಾಗರವನ್ನು ಕಂಡವರಿಗೆ ಅದು ಗೊತ್ತು. ಆದರೆ ಅವರ ಮನೆ ಇದ್ದದ್ದು ಸದಾಶಿವನಗರದಲ್ಲಿ, ರಸ್ತೆ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಬಸ್ಸಿನಲ್ಲಿ ಜನ ಕೇಳುವುದು ರಿಂಗ್ ರೋಡ್ ಸ್ಟಾಪ್.

ಪ್ರತಿಮೆಯ ಮಾತೇ ಬೇರೆ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ: ರಸ್ತೆ, ಪಾದಚಾರಿ ಮಾರ್ಗ ಮತ್ತು ಸಾರ್ವಜನಿಕ ಬಳಕೆಯ ಇಂಥ ಜಾಗಗಳಲ್ಲಿ ಪ್ರತಿಮೆ ನಿಲ್ಲಿಸಲು ರಾಜ್ಯ ಸರ್ಕಾರಗಳು ಅನುಮತಿ ಕೊಡಕೂಡದು. ಬೀದಿದೀಪ, ಸಂಚಾರ ವ್ಯವಸ್ಥೆಯಂಥವಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ವೃತ್ತದ ನಡುವೆ ರಾತ್ರೋರಾತ್ರಿ ಏಳುವ ಎದೆಮಟ್ಟದ ಪುತ್ಥಳಿಗೆ ಕಾನೂನಿನ ಬಲ ಇಲ್ಲ. ಎಬ್ಬಿಸುವವರಿಗೂ ಇದು ಗೊತ್ತು. ಒಮ್ಮೆ ಹಾರ ಬಿದ್ದ ಮೇಲೆ ತೆಗೆಯಲು ಯಾರೂ ಕೈಹಾಕುವುದಿಲ್ಲ ಎಂಬ ಲೆಕ್ಕ. ಸಂಸ್ಥೆಯೊಂದರ ಅಂಗಳ, ಖಾಸಗಿ ಟ್ರಸ್ಟಿನ ಜಾಗ ನೋಡಿಕೊಳ್ಳುವುದು ಕ್ಷೇಮ. ಎಲ್ಲ ಸರಿಯಿದ್ದರೂ ಕಾಯಬೇಕಾಗಬಹುದು. ಹಲಸೂರು ಕೆರೆಯ ಬಳಿ 1991ರಲ್ಲಿ ನಿಂತ ತಿರುವಳ್ಳುವರ್ ಪ್ರತಿಮೆ ಮುಸುಕು ಹೊದ್ದೇ ಇದ್ದು, ಅನಾವರಣವಾದದ್ದು 2009ರ ಆಗಸ್ಟ್ 9ರಂದು.

ಪ್ರತಿಮೆ ಕೆಡುವುದು ಎರಕದಲ್ಲಿ ಅಲ್ಲ, ಫೋಟೊದಲ್ಲಿ. ಮನೆಯವರು ಶಿಲ್ಪಿಗೆ ಕೊಡುವುದು ಒಂದು ಪಾಸ್‌ಪೋರ್ಟ್ ಅಳತೆಯ ಚಿತ್ರ, ಹೆಚ್ಚೆಂದರೆ ಸನ್ಮಾನದ ಪೇಟ ಶಾಲಿನದ್ದು. ಎರಡೂ ಎದುರಿನಿಂದ ತೆಗೆದವು. ಮೂಗಿನ ಏರು, ಗಲ್ಲದ ಇಳಿಜಾರು, ಕಿವಿಯ ಹಿಂಭಾಗ, ಕತ್ತು ಭುಜಕ್ಕೆ ಸೇರುವ ಬಗೆ ಇವು ಪಕ್ಕದಿಂದ ತೆಗೆದ ಚಿತ್ರವಿಲ್ಲದೆ ತಿಳಿಯುವುದಿಲ್ಲ. ಶಿಲ್ಪಿ ಊಹಿಸುತ್ತಾನೆ, ಊಹೆ ಯಾವಾಗಲೂ ಸರಾಸರಿ ಮುಖದ ಕಡೆಗೆ ಜಾರುತ್ತದೆ. ಮದುವೆ ಆಲ್ಬಮ್ಮು ಹುಡುಕಿದರೆ ಯಾರದೋ ಹಿಂದೆ ನಿಂತು ಪಕ್ಕಕ್ಕೆ ತಿರುಗಿದ ಚಿತ್ರವೊಂದು ಸಿಕ್ಕೇ ಸಿಗುತ್ತದೆ. ಮಣ್ಣಿನ ಮಾದರಿ ಹಸಿಯಿದ್ದಾಗಲೇ ಮನೆಯವರು ಹೋಗಿ ನೋಡಬೇಕು, ಅಚ್ಚು ತೆಗೆದ ಮೇಲೆ ತಿದ್ದುವುದು ಎಂದರೆ ಹೊಸದಾಗಿ ಮಾಡಿದಷ್ಟೇ ಕೆಲಸ. ದುಡ್ಡಿಲ್ಲವೆಂದು ಫೈಬರಿನಲ್ಲಿ ಮಾಡಿಸಿ ಕಂಚಿನ ಬಣ್ಣ ಬಳಿದರೆ, ಬಿಸಿಲಿಗೆ ಮೊದಲು ಬಿಳಚುವುದು ಮೂಗು ಮತ್ತು ಹೆಗಲು.

ರೈಲು ನಿಲ್ದಾಣದ ಹೆಸರಾದರೆ ಕಡತ ದೆಹಲಿಗೆ ಹೋಗುತ್ತದೆ, ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. 2016ರಲ್ಲಿ ಬೆಂಗಳೂರು ಸಿಟಿ ನಿಲ್ದಾಣಕ್ಕೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಬಂದಾಗಲೂ ಟಿಕೆಟ್ಟಿನ ಮೇಲಿನ ಸಂಕೇತಾಕ್ಷರ ಹಳೆಯ ಎಸ್‌ಬಿಸಿಯೇ ಉಳಿಯಿತು. ಎದುರಿನ ಮೆಟ್ರೊ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದೆ. ಊರು ಕಟ್ಟಿದವನ ಹೆಸರಿನ ಬಾಲಕ್ಕೆ ‘ಮೆಜೆಸ್ಟಿಕ್’ ಅಂಟಿಕೊಂಡಿದೆ. ಮೆಜೆಸ್ಟಿಕ್ ಎಂಬುದು ಒಂದು ಕಾಲಕ್ಕೆ ಅಲ್ಲಿದ್ದ ಸಿನಿಮಾ ಟಾಕೀಸು.

ಹೆಸರು, ಪ್ರತಿಮೆ ಎರಡೂ ಬೇಡ ಎನ್ನುವ ಊರು ಪ್ರಶಸ್ತಿ ಕೊಡುತ್ತದೆ. ಅಲ್ಲಿ ಅಪಾಯ ಸಂಖ್ಯೆಯದು. ರಾಜ್ಯೋತ್ಸವ ಪ್ರಶಸ್ತಿಗೆ ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಜನ ಎಂಬ ಲೆಕ್ಕ ಬಂದ ಮೇಲೆ ಕಡಿವಾಣ ಬಿತ್ತು. 2023ರಲ್ಲಿ 68, 2024ರಲ್ಲಿ 69. ಅಂದಿನ ಬೆಂಗಳೂರು ಪಾಲಿಕೆ ಬಿಬಿಎಂಪಿಯ ಕೆಂಪೇಗೌಡ ಪ್ರಶಸ್ತಿಗೆ ಅಂಥ ಕಟ್ಟುಪಾಡು ಇಲ್ಲದ ವರ್ಷಗಳಲ್ಲಿ ಪಟ್ಟಿ ನೂರಾರಕ್ಕೆ ಹಿಗ್ಗಿ, ವೇದಿಕೆಯಲ್ಲಿ ನೂಕುನುಗ್ಗಲು.

ಫಲಕ ಬರೆಯುವವನ ಕೈಗೆ ಹೋಗುವ ಚೀಟಿಯ ಬಗ್ಗೆ ಒಂದು ಮಾತು. ಆದೇಶದಲ್ಲಿ ‘ಡಾ.’, ‘ಶ್ರೀ’, ಬಿರುದು, ಎರಡು ಇನಿಷಿಯಲ್, ಮನೆತನದ ಹೆಸರು ಎಲ್ಲ ಇದ್ದರೆ, ಅಗಲ ಸಾಲದೆ ಅಕ್ಷರ ಸಣ್ಣದಾಗುತ್ತದೆ, ಇಲ್ಲವೇ ಬರೆಯುವವನೇ ಮೊಟಕು ಮಾಡುತ್ತಾನೆ. ಪತ್ರಪ್ಪ ಎಸ್.ಪಿ. ಆಗುವುದು ಹೀಗೆ. ನಿರ್ಣಯಕ್ಕೆ ಕಳಿಸುವ ಮೊದಲೇ, ಬೀದಿಯವರು ಅವರನ್ನು ಕರೆಯುತ್ತಿದ್ದ ಹೆಸರನ್ನು, ಮೇಷ್ಟ್ರು ಎಂದೋ ಡಾಕ್ಟ್ರು ಎಂದೋ ಇದ್ದರೆ ಅದನ್ನೂ ಸೇರಿಸಿ, ಎರಡು ಪದಕ್ಕೆ ಮೀರದಂತೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕಾಗುಣಿತ ಬರೆದು ಅರ್ಜಿಗೆ ಲಗತ್ತಿಸಬೇಕು. ಕೆಳಗೆ ಒಂದು ಸಾಲಿನ ಜಾಗ ಕೇಳಿ, ಅವರು ಇಲ್ಲಿ ಏನು ಮಾಡಿದರು, ಯಾವ ಇಸವಿಯಿಂದ ಯಾವ ಇಸವಿಯವರೆಗೆ ಎಂಬುದನ್ನೂ.